ಸೈನಿಕರ ಮನೆಯವರಿಗೆ ಹೆಗಲು ಕೊಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸೈನಿಕನ ಹೆಂಡತಿ, ವೃತ್ತಿಯಿಂದ ನರ್ಸ್. ಬಹಳ ಕಾಲದಿಂದ ಸೇನಾ ಕುಟುಂಬಗಳ ನಡುವೆ ಸ್ವಯಂಸೇವೆಯನ್ನೂ ಮಾಡುತ್ತಿದ್ದೇನೆ. ವಾರ್ಡಿನಲ್ಲಿ, ಪತ್ರಗಳಲ್ಲಿ, ಬಾಗಿಲಲ್ಲಿ ನಿಂತು ಆಡುವ ಮಾತುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಠಿಣವಾದದ್ದು ಆಮೇಲೆ. ಪಿಂಚಣಿ, ರಜೆ, ಭತ್ಯೆಗಳ ನಿಯಮ ಒಂದೊಂದು ಸೇನೆಯಲ್ಲಿ ಒಂದೊಂದು ಥರ. ಹಾಗಾಗಿ ಅವನ್ನು ಬಿಟ್ಟಿದ್ದೇನೆ.

## ಹೊರಡುವ ಮುಂಚೆ

ಪಕ್ಕದ ಮನೆಯವರ ಗಂಡ ಗಡಿಗೆ ಹೋಗಿದ್ದಾರೆ. "ಏನಾದ್ರೂ ಬೇಕಿದ್ರೆ ಹೇಳಿ" ಅಂದ್ರೆ "ಏನೂ ಬೇಡ" ಅಂತಾರೆ. ಈಗೇನು ಮಾಡ್ಲಿ?

"ಬೇಕಿದ್ದರೆ ಹೇಳಿ" ಎಂದಾಗ ಕೆಲಸ ಮತ್ತೆ ಆಕೆಯ ತಲೆಗೇ ಬಂತು. ತನಗೇನು ಬೇಕು ಎಂದು ಯೋಚಿಸಬೇಕು, ನೀವು ಮನಸ್ಸಿನಿಂದ ಹೇಳಿದಿರೋ ಬಾಯಿಮಾತಿಗೆ ಹೇಳಿದಿರೋ ಎಂದು ಅಳೆಯಬೇಕು, ಸಂಕೋಚ ನುಂಗಿಕೊಂಡು ಕೇಳಬೇಕು. ದಣಿದವರಿಗೆ ಇಷ್ಟೆಲ್ಲ ಆಗುವುದಿಲ್ಲ. "ಏನೂ ಬೇಡ" ಎಂದುಬಿಡುವುದೇ ಹಗುರ.

ಅದರ ಬದಲು ದಿನ, ಹೊತ್ತು, ಕೆಲಸ ಮೂರನ್ನೂ ನೀವೇ ಹೇಳಿ. "ಮಂಗಳವಾರ ಸಂಜೆ ಐದರಿಂದ ಏಳರವರೆಗೆ ಮಕ್ಕಳನ್ನು ನಾನು ನೋಡಿಕೊಳ್ಳುತ್ತೇನೆ, ಬರಲೇ?" ಇದಕ್ಕೆ ಹೂಂ ಅಥವಾ ಉಹುಂ ಎಂದರೆ ಸಾಕು. ಮುಂದಿನ ಮಂಗಳವಾರವೂ ಹೋಗಿ, ಅದರ ಮುಂದಿನದಕ್ಕೂ ಹೋಗಿ. ಮೊದಲ ವಾರ ಹತ್ತು ಜನ ಬರುತ್ತಾರೆ, ಮೂರನೇ ತಿಂಗಳಿಗೆ ಯಾರೂ ಇರುವುದಿಲ್ಲ. ಆ ಮೂರನೇ ತಿಂಗಳಿನಲ್ಲಿ ಬರುವವರಾಗಿ ಎಂಬುದೇ ನನ್ನ ಬೇಡಿಕೆ.

ಹೆಚ್ಚು ಕಷ್ಟ ಆಗೋದು ಹೊರಡೋ ದಿನ ತಾನೇ?

ಅಲ್ಲ. ಆ ದಿನ ಎಲ್ಲರೂ ಜೊತೆಗಿರುತ್ತಾರೆ, ಕೈತುಂಬ ಕೆಲಸವೂ ಇರುತ್ತದೆ. 1987ರಲ್ಲಿ ಅಮೆರಿಕದ ಕ್ಯಾಥ್ಲೀನ್ ಲೋಗನ್ ಅಲ್ಲಿನ ನೌಕಾಪಡೆಯವರ ಹೆಂಡತಿಯರ ಮನಸ್ಸಿನ ಏರಿಳಿತವನ್ನು ಏಳು ಹಂತಗಳಲ್ಲಿ ಗುರುತಿಸಿದರು. 2001ರಲ್ಲಿ ಸೈಮನ್ ಪಿಂಕಸ್ ಮತ್ತು ಜೊತೆಗಾರರು ಅದನ್ನು ಐದಾಗಿ ಹೇಳಿದರು: ಹೊರಡುವ ಮುಂಚೆ, ಹೊರಟ ಮೊದಲ ತಿಂಗಳು, ನಡುವಿನ ದೀರ್ಘ ಕಾಲ, ಮರಳುವ ಹೊತ್ತು, ಮರಳಿದ ಮೇಲೆ. ಎಲ್ಲರೂ ಇದೇ ಕ್ರಮದಲ್ಲಿ ಹೋಗುತ್ತಾರೆ ಎಂದೇನಿಲ್ಲ. ಆದರೆ ಎರಡೂ ಪಟ್ಟಿಗಳು ಒಂದು ಮಾತನ್ನು ಸ್ಪಷ್ಟಪಡಿಸುತ್ತವೆ: ಕಷ್ಟ ಹೊರಡುವ ಮುಂಚೆಯೇ ಶುರುವಾಗುತ್ತದೆ, ಮನೆಗೆ ಬಂದ ದಿನ ಮುಗಿಯುವುದಿಲ್ಲ. ಹೊರಗಿನವರು ಹಾರ ಹಿಡಿದು ನಿಲ್ಲುವ ಹೊತ್ತಿಗೂ ಮನೆಯವರು ಕುಸಿಯುವ ಹೊತ್ತಿಗೂ ತಾಳೆಯಾಗುವುದು ತೀರ ಅಪರೂಪ.

ಹೊರಡೋಕೆ ಎರಡೇ ವಾರ ಇದೆ. ಪ್ರೀತಿಯಿಂದ ಇರೋಣ ಅಂದ್ರೆ ದಿನಾ ಜಗಳ. ನಮ್ಮಲ್ಲೇ ಏನೋ ಸರಿಯಿಲ್ವಾ?

ಸರಿಯಿದೆ. ಇದು ಎಷ್ಟು ಮನೆಗಳಲ್ಲಿ ಆಗುತ್ತದೆಂದರೆ, ನಾನು ಮೊದಲೇ ಹೇಳಿಟ್ಟುಬಿಡುತ್ತೇನೆ. ಅಗಲುವ ನೋವಿಗಿಂತ ಸಿಟ್ಟು ಸುಲಭ. ಸಿಟ್ಟಿನಲ್ಲಿದ್ದಾಗ ದೂರವಾಗುವುದೂ ಸುಲಭ. ಹೊರಡುವವರ ಮನಸ್ಸು ಆಗಲೇ ಅರ್ಧ ತುಕಡಿಯ ಕಡೆ ಹೋಗಿರುತ್ತದೆ, ಉಳಿಯುವವರು "ಹೋಗುವುದಾದರೆ ಬೇಗ ಹೋಗಿಬಿಡಲಿ" ಎಂದುಕೊಂಡು ಆಮೇಲೆ ಅಳುತ್ತಾರೆ. ಹಣ, ಸಾಲ, ಅತ್ತೆ-ಸೊಸೆ ವಿಷಯಗಳನ್ನು ಆ ಎರಡು ವಾರದಲ್ಲೇ ಬಗೆಹರಿಸಲು ಹೋಗಬೇಡಿ. "ನಾವು ಜಗಳ ಆಡುತ್ತಿರುವುದು ಇದಕ್ಕಲ್ಲ, ನೀನು ಹೋಗುತ್ತಿದ್ದೀಯಲ್ಲ ಅದಕ್ಕೆ" ಎಂದು ಇಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದರೆ ಅರ್ಧ ಇಳಿಯುತ್ತದೆ.

ಯಾವ ಕಾಗದ ಪತ್ರ ಸಿದ್ಧ ಇರಬೇಕು?

ಬ್ಯಾಂಕು, ಮನೆ, ವಾಹನದ ವ್ಯವಹಾರ ನಡೆಸಲು ಅಧಿಕಾರ ಪತ್ರ. ವಿಲ್. ವಿಮೆ ಮತ್ತು ಸೇವಾ ದಾಖಲೆಗಳಲ್ಲಿ ನಾಮಿನಿಯ ಹೆಸರು. ಮದುವೆಗೆ ಮುಂಚೆ ತಾಯಿಯ ಹೆಸರು ಬರೆದು ಹಾಗೇ ಬಿಟ್ಟವರು ಬಹಳ, ಬದಲಿಸುವುದೋ ಬಿಡುವುದೋ ಇಬ್ಬರೂ ಕೂತು ತೀರ್ಮಾನಿಸಿ. ತುಕಡಿಯ ಸಂಪರ್ಕ ಸಂಖ್ಯೆ ಮತ್ತು ಸೈನಿಕರ ಸೇವಾ ಸಂಖ್ಯೆಯನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಡಿ.

ವಿಲ್ ಬರೆಯಲು ಹಲವರಿಗೆ ಎದೆ ನಡುಗುತ್ತದೆ, ಅಪಶಕುನ ಎನ್ನುತ್ತಾರೆ. ಸ್ವಯಂಸೇವಕರು ಇಲ್ಲಿ ಒಂದು ಒಳ್ಳೆಯ ಕೆಲಸ ಮಾಡಬಹುದು. ಹೊರಡುವ ಕುಟುಂಬಗಳನ್ನೆಲ್ಲ ಒಂದೇ ದಿನ ಕೂರಿಸಿ, ವಕೀಲರೊಬ್ಬರನ್ನು ಕರೆಸಿ. ಎಲ್ಲರೂ ಒಟ್ಟಿಗೆ ಬರೆಯುವಾಗ ಯಾರಿಗೂ ತಮ್ಮ ಮನೆಗೆ ಮಾತ್ರ ಏನೋ ಆಗಲಿದೆ ಎನ್ನಿಸುವುದಿಲ್ಲ.

ಹೊರಡೋ ದಿನಾಂಕ, ಜಾಗ ಫೇಸ್‌ಬುಕ್‌ನಲ್ಲಿ ಹಾಕ್ಬಹುದಾ?

ಬೇಡ. ತುಕಡಿಗೆ ಅಪಾಯ, "ಮನೆಯಲ್ಲಿ ಹೆಂಗಸು ಮಕ್ಕಳು ಮಾತ್ರ" ಎಂದು ಸಾರಿದ ಹಾಗೂ ಆಗುತ್ತದೆ. ಹಿಂದೆ ಬೋರ್ಡು, ಕಟ್ಟಡ ಕಾಣುವ ಫೋಟೊಗಳಿಗೂ ಇದೇ ಮಾತು. ಬೇರೆಯವರ ಮನೆಯ ಸುದ್ದಿಯನ್ನಂತೂ, ಒಳ್ಳೆಯದೇ ಆಗಿರಲಿ, ಅವರಿಗಿಂತ ಮುಂಚೆ ಹಾಕಬೇಡಿ.

## ದೂರ ಇರುವ ತಿಂಗಳುಗಳು

ಅಪರೂಪಕ್ಕೆ ಫೋನ್ ಬರುತ್ತೆ. ಮನೆ ಕಷ್ಟ ಹೇಳ್ಬೇಕಾ, ಮುಚ್ಚಿಡ್ಬೇಕಾ?

ಪೂರ್ತಿ ಮುಚ್ಚಿಟ್ಟರೆ ಧ್ವನಿಯಲ್ಲಿ ಗೊತ್ತಾಗುತ್ತದೆ, ಅವರು ಅಲ್ಲಿ ಕೂತು ಇನ್ನೂ ಕೆಟ್ಟದ್ದನ್ನು ಊಹಿಸುತ್ತಾರೆ. ಎಲ್ಲವನ್ನೂ ಸುರಿದರೆ, ಏನೂ ಮಾಡಲಾಗದ ಕಡೆ ಕೂತವರಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ನಾನು ಹೇಳುವುದಿಷ್ಟು: ಬಗೆಹರಿದದ್ದನ್ನು ಬಗೆಹರಿದ ರೀತಿಯ ಜೊತೆಗೇ ಹೇಳಿ ("ಮಗಳಿಗೆ ಜ್ವರ ಬಂದಿತ್ತು, ಡಾಕ್ಟರಿಗೆ ತೋರಿಸಿದೆ, ಈಗ ಆಡುತ್ತಿದ್ದಾಳೆ"). ಅವರ ಒಪ್ಪಿಗೆ ಬೇಕಾದ ದೊಡ್ಡ ವಿಷಯವನ್ನು ಫೋನಿನ ಮೊದಲಲ್ಲೇ ಹೇಳಿ, ಕೊನೆಯ ನಿಮಿಷಕ್ಕೆ ಉಳಿಸಬೇಡಿ. ಲೈನು ನಡುವೆ ಕಡಿದುಹೋದರೆ ಅದು ಮುನಿಸಲ್ಲ, ಅಪಾಯವೂ ಅಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ಎಷ್ಟೋ ಕಡೆ ಸುರಕ್ಷತೆಯ ಕಾರಣಕ್ಕೆ ಸಂಪರ್ಕವನ್ನೇ ಕೆಲಕಾಲ ನಿಲ್ಲಿಸಿಬಿಡುತ್ತಾರೆ.

ಕಾಗದ ಬರೆಯುವ ಅಭ್ಯಾಸ ಇನ್ನೂ ಬಿಡಬೇಡಿ. ಮೂಲೆಯಲ್ಲಿ 1, 2, 3 ಎಂದು ಸಂಖ್ಯೆ ಹಾಕಿ. ಹಿಂದೆ ಮುಂದಾಗಿ ತಲುಪಿದರೂ ಓದುವ ಕ್ರಮ ಗೊತ್ತಾಗುತ್ತದೆ, ನಾಲ್ಕನೆಯದರ ಸಿಟ್ಟು ಐದನೆಯದರಲ್ಲಿ ಕರಗಿದ್ದೂ ಗೊತ್ತಾಗುತ್ತದೆ.

ಮಕ್ಕಳಿಗೆ ಏನು ಹೇಳ್ಬೇಕು? ಚಿಕ್ಕವನು ಮತ್ತೆ ಹಾಸಿಗೆ ಒದ್ದೆ ಮಾಡ್ತಿದ್ದಾನೆ, ದೊಡ್ಡವಳು ಮಾತೇ ಆಡಲ್ಲ.

ಚಿಕ್ಕದಾಗಿ, ನಿಜವಾಗಿ ಹೇಳಬೇಕು. "ಅಪ್ಪ ಕೆಲಸಕ್ಕೆ ದೂರ ಹೋಗಿದ್ದಾರೆ, ಬಹಳ ದಿನ ಬರುವುದಿಲ್ಲ, ನಿನ್ನನ್ನು ನೋಡಿಕೊಳ್ಳಲು ನಾನಿದ್ದೇನೆ." ಮೂರನೆಯ ಮಾತು ಮುಖ್ಯ. ಪುಟ್ಟ ಮಕ್ಕಳ ದೊಡ್ಡ ಹೆದರಿಕೆ ಯುದ್ಧವಲ್ಲ, ಉಳಿದಿರುವವರೂ ಹೋಗಿಬಿಟ್ಟರೆ ಎಂಬುದು. "ಏನೂ ಆಗುವುದಿಲ್ಲ" ಎಂದು ಮಾತ್ರ ಭಾಷೆ ಕೊಡಬೇಡಿ. ಅದು ನಿಮ್ಮ ಕೈಯಲ್ಲಿಲ್ಲ. "ಅವರಿಗೆ ತರಬೇತಿ ಇದೆ, ಜೊತೆಯವರಿದ್ದಾರೆ" ಎನ್ನಬಹುದು, ಅದು ನಿಜ.

ಕಲಿತದ್ದನ್ನು ಚಿಕ್ಕ ಮಕ್ಕಳು ಕೆಲಕಾಲ ಮರೆಯುತ್ತಾರೆ: ಹಾಸಿಗೆ ಒದ್ದೆ, ಬೆರಳು ಚೀಪುವುದು, ಒಂಟಿಯಾಗಿ ಮಲಗುವುದಿಲ್ಲವೆಂಬ ಹಟ. ಗದರಿಸದೆ, ದಿನಚರಿ ತಪ್ಪಿಸದೆ ನಡೆದರೆ ಹೆಚ್ಚಾಗಿ ತಾನಾಗೇ ಸರಿಹೋಗುತ್ತದೆ. ಶಾಲೆಗೆ ಹೋಗುವ ವಯಸ್ಸಿನವರಲ್ಲಿ ದುಃಖ ದುಃಖವಾಗಿ ಕಾಣುವುದೇ ಕಡಿಮೆ. ಹೊಟ್ಟೆನೋವು, ತಲೆನೋವು, ಸಹಪಾಠಿಯ ಜೊತೆ ಹೊಡೆದಾಟ ಆಗಿ ಬರುತ್ತದೆ. ಶಿಕ್ಷಕರಿಗೆ ತಿಳಿಸಿ, ಆದರೆ ತರಗತಿಯ ಮುಂದೆ ಮಗುವನ್ನು ನಿಲ್ಲಿಸಿ "ಇವನ ತಂದೆ ವೀರ" ಎನ್ನುವುದು ಬೇಡವೆಂದೂ ಹೇಳಿ. ಕೆಲವು ಮಕ್ಕಳಿಗೆ ಅದು ಹೆಮ್ಮೆ, ಕೆಲವರಿಗೆ ನರಕ. ಮಗುವನ್ನೇ ಕೇಳಿ.

ಹದಿಹರೆಯದವರ ಬಗ್ಗೆ ನನಗೆ ಹೆಚ್ಚು ಚಿಂತೆ. ಅವರು ತಂಟೆ ಮಾಡುವುದಿಲ್ಲ, ತಮ್ಮಂದಿರನ್ನು ನೋಡಿಕೊಳ್ಳುತ್ತಾರೆ, ಅಮ್ಮನನ್ನು ಸಮಾಧಾನ ಮಾಡುತ್ತಾರೆ, ಎಲ್ಲರೂ ಹೊಗಳುತ್ತಾರೆ. "ಇನ್ನು ಮನೆಗೆ ನೀನೇ ಯಜಮಾನ" ಎಂದು ಹದಿಮೂರು ವರ್ಷದ ಹುಡುಗನ ಬೆನ್ನು ತಟ್ಟುವ ನೆಂಟರಿಗೆ ದಯವಿಟ್ಟು ಅಲ್ಲೇ ತಡೆಹಾಕಿ. ಅವನು ಅದನ್ನು ನಂಬುತ್ತಾನೆ. ತಂದೆ ಮರಳಿ ಬಂದು ಯಜಮಾನಿಕೆ ಕೇಳಿದಾಗ ಜಗಳ ಅಲ್ಲಿಂದ ಶುರು.

ಸೇನೆಯಲ್ಲಿರೋದು ನನ್ನ ಹೆಂಡತಿ. ಕುಟುಂಬದವರ ಸಭೆಗೆ ಹೋದ್ರೆ ಎಲ್ಲಾ ಹೆಂಗಸರು. ನನಗೆ ಅಲ್ಲಿ ಜಾಗವಿದೆಯಾ?

ಇದೆ, ಇರಲೇಬೇಕು. ಇದರ ಹೊಣೆ ಗುಂಪು ನಡೆಸುವವರದ್ದು. ಆಹ್ವಾನದಲ್ಲಿ "ಪತ್ನಿಯರ ಸಭೆ" ಎಂದಿದ್ದರೆ "ಕುಟುಂಬಗಳ ಸಭೆ" ಎಂದು ಬದಲಿಸಲಿ. ಮಕ್ಕಳನ್ನು ಒಂಟಿಯಾಗಿ ನೋಡಿಕೊಳ್ಳುವ ಗಂಡಸಿಗೆ "ಹೆಂಡತಿಯನ್ನು ಹೇಗೆ ಕಳಿಸಿದೆ?" ಎಂಬ ಪ್ರಶ್ನೆ ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ. ಕನಿಷ್ಠ ಈ ಒಂದು ಕೋಣೆಯಲ್ಲಿ ಅದು ಬರಬಾರದು. ನೀವು ಸಭೆಗೆ ಹೋಗಿ. ನಿಮ್ಮನ್ನು ನೋಡಿ ಮುಂದಿನ ಸಲ ಇನ್ನೊಬ್ಬರು ಬರುತ್ತಾರೆ.

ಮಗನಿಗೆ ಮದುವೆ ಆಗಿಲ್ಲ. ನಮ್ಮನ್ನ ಯಾರೂ ಯಾವುದಕ್ಕೂ ಕರೆಯಲ್ಲ.

ಸಂಪರ್ಕ ಪಟ್ಟಿಗಳಲ್ಲಿ ಹೆಚ್ಚಾಗಿ ಹೆಂಡತಿ ಅಥವಾ ಗಂಡನ ಹೆಸರೇ ಇರುತ್ತದೆ, ಅವಿವಾಹಿತರ ಅಪ್ಪ ಅಮ್ಮ ತಪ್ಪಿಹೋಗುತ್ತಾರೆ. ನಿಮ್ಮನ್ನು ಸೇರಿಸುವಂತೆ ಮಗನಿಂದಲೇ ತುಕಡಿಗೆ ಬರೆಸಿ. ಸ್ವಯಂಸೇವಕರು ಪಟ್ಟಿ ಮಾಡುವಾಗ "ನಿಮಗಾಗಿ ಕಾಯುವವರು ಯಾರು?" ಎಂದು ಸೈನಿಕರನ್ನೇ ಕೇಳಿದರೆ ಅಜ್ಜಿ, ಅಕ್ಕ, ನಿಶ್ಚಯವಾದ ಹುಡುಗಿ ಎಲ್ಲರೂ ಪಟ್ಟಿಗೆ ಬರುತ್ತಾರೆ.

ಏಳು ತಿಂಗಳ ಗರ್ಭಿಣಿ. ಹೆರಿಗೆಗೆ ಅವರು ಬರಲ್ಲ. ಒಬ್ಬಳೇ ಹೇಗೆ?

ಹೆರಿಗೆ ಕೋಣೆಗೆ ಬರುವವರು ಯಾರೆಂದು ಈಗಲೇ ಗೊತ್ತುಮಾಡಿ, ಅವರನ್ನು ಮುಂದಿನ ತಪಾಸಣೆಗೂ ಕರೆದುಕೊಂಡು ಹೋಗಿ. ನಡುರಾತ್ರಿ ನೋವು ಬಂದರೆ ಗಾಡಿ ತರುವವರು ಬೇರೆ, ದೊಡ್ಡ ಮಗುವನ್ನು ನೋಡಿಕೊಳ್ಳುವವರು ಬೇರೆ ಇರಲಿ, ಎರಡನ್ನೂ ಒಬ್ಬರ ಮೇಲೆ ಹಾಕಬೇಡಿ.

ಹೆರಿಗೆಯಾದ ಮೇಲಿನ ವಾರಗಳ ಬಗ್ಗೆ ನರ್ಸ್ ಆಗಿ ಒಂದು ಮಾತು. ಮೊದಲ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ಕಳೆದರೂ ಬೇಸರ ಬಿಡದಿದ್ದರೆ, ಮಗು ಮಲಗಿದ್ದಾಗಲೂ ನಿದ್ದೆ ಬಾರದಿದ್ದರೆ, ಮಗುವನ್ನು ಮುಟ್ಟಲೂ ಮನಸ್ಸಾಗದಿದ್ದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಇದೆ. ಈ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಬಂದ ಎಡಿನ್‌ಬರೋ ಪ್ರಶ್ನಾವಳಿ ಹತ್ತೇ ಪ್ರಶ್ನೆಗಳದ್ದು, ಕಾಯುವ ಕೋಣೆಯಲ್ಲೇ ತುಂಬಬಹುದು. ಸಂಗಾತಿ ದೂರ ಇರುವ ತಾಯಂದಿರಿಗೆ ಇದನ್ನು ತಪ್ಪದೆ ಕೊಡಿ ಎಂದು ಸಹೋದ್ಯೋಗಿಗಳಲ್ಲಿ ಕೇಳಿಕೊಳ್ಳುತ್ತೇನೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಬಂದ ಉತ್ತರವನ್ನು ಆಕೆ ಹೊರಡುವ ಮುಂಚೆಯೇ ಓದಿ.

## ಮರಳಿ ಬಂದ ಮೇಲೆ

ಬಂದಾಯ್ತು. ಖುಷಿಯಾಗಿರ್ಬೇಕಿತ್ತು. ಆದ್ರೆ ಮನೆಗೆ ಯಾರೋ ಹೊಸಬರು ಬಂದ ಹಾಗಿದೆ. ಇದನ್ನ ಯಾರ ಹತ್ರ ಹೇಳ್ಲಿ?

ಈ ಪ್ರಶ್ನೆಯನ್ನು ಜನ ಯಾವಾಗಲೂ ದನಿ ತಗ್ಗಿಸಿ ಕೇಳುತ್ತಾರೆ. ತಗ್ಗಿಸಬೇಕಾಗಿಲ್ಲ. ಎರಡನೇ ಮಹಾಯುದ್ಧದಿಂದ ಮರಳಿದವರ ಕುಟುಂಬಗಳನ್ನು ಅಧ್ಯಯನ ಮಾಡಿದ ರೂಬೆನ್ ಹಿಲ್ 1949ರಲ್ಲೇ ಅಗಲಿಕೆಯನ್ನೂ ಮರುಕೂಡುವಿಕೆಯನ್ನೂ ಎರಡು ಬೇರೆ ಬೇರೆ ಸಂಕಟಗಳೆಂದು ಪರಿಗಣಿಸಿದರು. ಅಗಲಿಕೆಯನ್ನು ಚೆನ್ನಾಗಿ ನಿಭಾಯಿಸಿದ ಮನೆ ಮರುಕೂಡುವಿಕೆಯಲ್ಲೂ ಗೆಲ್ಲುತ್ತದೆ ಎಂದೇನಿಲ್ಲ. ಬಂದವರ ಜಾಗ ತುಂಬಿಹೋಗಿರುವಷ್ಟು ಚೆನ್ನಾಗಿ ಮನೆ ನಡೆಯುತ್ತಿದ್ದರೆ, ಅವರು ಎಲ್ಲಿ ಕೂರಬೇಕು?

ಅಡುಗೆಮನೆಯಲ್ಲಿ ಪಾತ್ರೆಗಳ ಜಾಗ ಬದಲಾಗಿದೆ. ಸ್ಪೂನು ಎಲ್ಲಿದೆ ಎಂದು ತನ್ನದೇ ಮನೆಯಲ್ಲಿ ಕೇಳಬೇಕಾಗಿದೆ. ಮಗು ಬಿದ್ದರೆ ಇವರನ್ನು ದಾಟಿಕೊಂಡು ಅಮ್ಮನ ಹತ್ತಿರ ಓಡುತ್ತದೆ. ಲೆಕ್ಕ, ಶಾಲೆ, ರಿಪೇರಿ ಎಲ್ಲವನ್ನೂ ಒಂಟಿ ಕೈಯಲ್ಲಿ ನಡೆಸಿದ ಹೆಂಡತಿಗೆ "ಹೀಗೇಕೆ ಮಾಡಿದೆ?" ಎಂಬ ಒಂದೇ ಮಾತು ಸಾಕು, ಮೈ ಉರಿಯುತ್ತದೆ. ಇಬ್ಬರದ್ದೂ ನ್ಯಾಯವೇ.

ಮೊದಲ ವಾರ ನೆಂಟರನ್ನು ತಡೆಯಿರಿ. ಬಂದವರು ಕೆಲವು ವಾರ ಮನೆಯ ಹೊಸ ಪದ್ಧತಿಯನ್ನು ನೋಡಲಿ, ತಿದ್ದಲು ಹೋಗದಿರಲಿ. ಹಳೆಯ ಕೆಲಸಗಳನ್ನೆಲ್ಲ ಒಮ್ಮೆಗೇ ವಾಪಸು ಕೊಡಬೇಡಿ. ಒಂದನ್ನು ಕೊಡಿ, ಪೂರ್ತಿಯಾಗಿ ಕೊಡಿ, ಹಿಂದೆ ನಿಂತು ನೋಡಬೇಡಿ. ಮಕ್ಕಳು ತಾವಾಗಿ ಹತ್ತಿರ ಬರುವವರೆಗೆ ಕಾಯುವುದೇ ಒಳ್ಳೆಯದು. ಹಾಸಿಗೆಯಲ್ಲಿನ ಹತ್ತಿರವೂ ಹಾಗೆಯೇ, ಅವಸರವಿಲ್ಲ. ತಿಂಗಳುಗಳು ಹಿಡಿಯುತ್ತವೆ.

ಕರೆದ್ರೆ ಓಗೊಡಲ್ಲ, ಟಿವಿ ಜೋರಾಗಿ ಇಡ್ತಾರೆ, ಹೇಳಿದ್ದನ್ನೇ ಹೇಳಿದ್ರೆ ರೇಗ್ತಾರೆ. ನನ್ನ ಮೇಲೆ ಪ್ರೀತಿ ಹೋಯ್ತಾ?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಗುಂಡು, ಎಂಜಿನ್ನು, ಸ್ಫೋಟದ ಸದ್ದಿನಿಂದ ಮೊದಲು ಕೇಳಿಸದಾಗುವುದು ತೆಳುವಾದ, ಕೀಚಲು ಧ್ವನಿಗಳು. ಗಂಡಸರ ದಪ್ಪ ದನಿ ಕೇಳಿಸುತ್ತದೆ, ಹೆಂಡತಿ ಮಕ್ಕಳ ಮಾತು ತಪ್ಪುತ್ತದೆ. ಮುಖ ನೋಡಿ ಮಾತಾಡಿದಾಗ ಸರಿಯಾಗಿ ಉತ್ತರಿಸಿ, ಬೆನ್ನ ಹಿಂದಿನಿಂದ ಕರೆದಾಗ ತಿರುಗದಿದ್ದರೆ ಅದು ಬಲವಾದ ಸುಳಿವು. ಜೊತೆಗೆ ಕಿವಿಯೊಳಗೆ ಸದಾ ಗುಂಯ್ ಎನ್ನುವ ಸದ್ದಿದ್ದರೆ ನಿದ್ದೆಯೂ ಹಾಳು, ಸಹನೆಯೂ ಹಾಳು. ಇಷ್ಟು ಸರಳ ಕಾರಣ ಪತ್ತೆಯಾಗದೆ ವರ್ಷಗಟ್ಟಲೆ ಮುನಿಸಿಕೊಂಡ ಮನೆಗಳನ್ನು ನೋಡಿದ್ದೇನೆ. ಸ್ಫೋಟದ ಹತ್ತಿರ ಇದ್ದವರಿಗೆ ಮರೆವು, ತಲೆನೋವು, ಬೆಳಕು ಚುಚ್ಚುವುದು ಇದ್ದರೆ ಮಿದುಳಿಗೆ ಪೆಟ್ಟಾಗಿದೆಯೇ ಎಂದೂ ತೋರಿಸಿ. ಹೊರಗೆ ಗಾಯವೇ ಇಲ್ಲದಿರಬಹುದು.

ಇದು ಪಿಟಿಎಸ್‌ಡಿನಾ ಅಂತ ಹೇಗೆ ಗೊತ್ತಾಗುತ್ತೆ?

ಮನೆಯವರು ಹೆಸರಿಡಬೇಕಾಗಿಲ್ಲ, ಗಮನಿಸಿದರೆ ಸಾಕು. ಪಿಟಿಎಸ್‌ಡಿ ಎಂದರೆ ಯುದ್ಧದಂಥ ದೊಡ್ಡ ಆಘಾತದ ನಂತರ ಕಾಡುವ ಮನಸ್ಸಿನ ಕಾಯಿಲೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಥದ್ದನ್ನು ಶೆಲ್ ಶಾಕ್ ಎಂದು ಕರೆಯುತ್ತಿದ್ದರು. ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. 2013ರ ಆವೃತ್ತಿ ಲಕ್ಷಣಗಳನ್ನು ನಾಲ್ಕು ಗುಂಪು ಮಾಡಿದೆ. ನಡೆದದ್ದು ಕನಸಾಗಿ, ನೆನಪಾಗಿ ನುಗ್ಗಿ ಬರುವುದು. ಅದನ್ನು ನೆನಪಿಸುವ ಜಾಗ, ಮಾತು, ಜನರನ್ನು ತಪ್ಪಿಸುವುದು. ಮನಸ್ಸು ಬತ್ತಿ ಯಾವುದರಲ್ಲೂ ಆಸೆ ಇಲ್ಲದಿರುವುದು, ತನ್ನನ್ನೇ ದೂಷಿಸಿಕೊಳ್ಳುವುದು. ಸದಾ ಕಾವಲಿನಲ್ಲಿರುವುದು, ಬೆಚ್ಚುವುದು, ಸಿಡುಕುವುದು. ಇವು ಒಂದು ತಿಂಗಳು ದಾಟಿ ಕೆಲಸಕ್ಕೋ ಸಂಸಾರಕ್ಕೋ ತೊಡಕಾದರೆ ವೈದ್ಯರಲ್ಲಿಗೆ ಹೋಗಬೇಕು. ಮೊದಲ ಕೆಲವು ವಾರ ಬೆಚ್ಚುವುದು ಬಹುತೇಕ ಎಲ್ಲರಿಗೂ ಇರುತ್ತದೆ, ಎಲ್ಲರಿಗೂ ಅದು ರೋಗವಾಗುವುದಿಲ್ಲ.

ಇದಕ್ಕೆ ಪರಿಣಾಮಕಾರಿ ಚಿಕಿತ್ಸೆಗಳಿವೆ. ಆಘಾತವನ್ನೇ ಗುರಿಯಾಗಿಟ್ಟ ಮಾತಿನ ಚಿಕಿತ್ಸೆಗಳು ಮೊದಲ ಸಾಲಿನವು, ಕೆಲವು ಖಿನ್ನತೆ ನಿವಾರಕ ಔಷಧಿಗಳೂ ನೆರವಾಗುತ್ತವೆ. ಕುಡಿದು ಮಲಗುವುದು ಚಿಕಿತ್ಸೆಯಲ್ಲ. ನಿದ್ದೆ ಬಂದಂತೆ ಕಂಡರೂ ನಡುರಾತ್ರಿಯ ನಿದ್ದೆಯನ್ನು ಅದು ಒಡೆಯುತ್ತದೆ.

ಹೆದರಿಕೆಯೇ ಇಲ್ಲ, ಆದರೆ ತಾನು ಮಾಡಿದ್ದಕ್ಕೋ ಮಾಡಲಾಗದೆ ಹೋದದ್ದಕ್ಕೋ ಒಳಗೇ ಬೇಯುವವರೂ ಇದ್ದಾರೆ. ಜೊನಾಥನ್ ಶೇ ಎಂಬ ಮನೋವೈದ್ಯರು 1990ರ ದಶಕದಲ್ಲಿ ಇದನ್ನು ನೈತಿಕ ಗಾಯವೆಂದು ಕರೆದು ಬೇರೆಯಾಗಿ ಗುರುತಿಸಿದರು. ಅಂಥವರಿಗೆ "ನಿನ್ನದೇನೂ ತಪ್ಪಿಲ್ಲ ಬಿಡು" ಎಂದರೆ ಬಾಗಿಲು ಹಾಕಿದ ಹಾಗೆ. ಕೊನೆಯವರೆಗೆ ಕೇಳಿಸಿಕೊಳ್ಳಿ.

ರಾತ್ರಿ ಕೆಟ್ಟ ಕನಸು ಬಿದ್ದು ಕಿರುಚ್ತಾರೆ. ಅಲುಗಾಡಿಸಿ ಎಬ್ಬಿಸ್ಲಾ?

ಮುಟ್ಟಬೇಡಿ. ಹಾಸಿಗೆಯಿಂದ ಇಳಿದು, ಕಾಲ ಬುಡದ ಕಡೆ ನಿಂತು, ದೀಪ ಹಾಕಿ ಹೆಸರು ಹಿಡಿದು ಕರೆಯಿರಿ. "ನೀನು ಮನೆಯಲ್ಲಿದ್ದೀಯ, ನಾನು ಇಲ್ಲಿದ್ದೇನೆ." ಅರೆನಿದ್ದೆಯಲ್ಲಿ ಕೈ ಬೀಸಿದರೆ ಅದು ನಿಮ್ಮ ಮೇಲಿನ ಸಿಟ್ಟಲ್ಲ, ಆದರೂ ಪೆಟ್ಟು ಪೆಟ್ಟೇ. ಕೆಲಕಾಲ ಬೇರೆ ಹಾಸಿಗೆಯಲ್ಲಿ ಮಲಗಿದರೆ ದಾಂಪತ್ಯ ಮುಳುಗುವುದಿಲ್ಲ. ಎಚ್ಚರವಿದ್ದಾಗ ಕನಸಿನ ಕೊನೆಯನ್ನು ಬದಲಿಸಿ ಬರೆದು ಅದನ್ನೇ ಮನಸ್ಸಿನಲ್ಲಿ ಅಭ್ಯಾಸ ಮಾಡಿಸುವ ಚಿಕಿತ್ಸೆಯೂ ಇದೆ, ವೈದ್ಯರಲ್ಲಿ ಕೇಳಿ.

ಸಿಟ್ಟು ಬಂದ್ರೆ ಹೊಡೀತಾರೆ. ಯುದ್ಧದಿಂದ ಆದ ಕಾಯಿಲೆ ಅಂತ ಸಹಿಸ್ಕೋಬೇಕಾ?

ಬೇಡ. ಪಿಟಿಎಸ್‌ಡಿ ಇರುವ ಬಹಳಷ್ಟು ಜನ ಮನೆಯವರ ಮೇಲೆ ಕೈ ಎತ್ತುವುದಿಲ್ಲ. ಕಾಯಿಲೆಗೆ ಕರುಣೆ ಇರಲಿ, ಏಟಿಗೆ ಬೇಡ. ಮೊದಲು ನಿಮ್ಮ ಮತ್ತು ಮಕ್ಕಳ ಸುರಕ್ಷತೆ: ಹೋಗಲು ಒಂದು ಮನೆ, ತೆಗೆದಿಟ್ಟ ಸ್ವಲ್ಪ ಹಣ, ಕಾಗದ ಪತ್ರದ ಒಂದು ಚೀಲ, ನಂಬಿಕೆಯ ಒಬ್ಬರಿಗೆ ವಿಷಯ ಗೊತ್ತಿರುವುದು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಆಪ್ತಸಲಹೆ ಕೊಡುವುದು ಈ ಹಂತದಲ್ಲಿ ಸರಿಯಲ್ಲ. ಅಲ್ಲಿ ಹೇಳಿದ ಸತ್ಯಕ್ಕೆ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. "ಅವರ ನೌಕರಿಗೆ ಕುತ್ತು ಬರುತ್ತದೆ, ಸುಮ್ಮನಿರು" ಎನ್ನುವ ಹಿತೈಷಿಗಳು ಬಹಳ. ಅವರ ಮಾತು ಕೇಳಬೇಡಿ.

## ಆರೋಗ್ಯ ಕಾರ್ಯಕರ್ತರಿಗೂ ಅನುಭವಿ ಸ್ವಯಂಸೇವಕರಿಗೂ

ನಾನು ಸಾಮಾನ್ಯ ಆಸ್ಪತ್ರೇಲಿ ಕೆಲಸ ಮಾಡೋದು. ಸೇನಾ ಕುಟುಂಬದವರು ಬಂದ್ರೆ ಬೇರೆ ಏನು ಮಾಡ್ಬೇಕು?

ಮೊದಲು, ಬಂದಿದ್ದಾರೆ ಎಂದು ಗೊತ್ತಾಗಬೇಕು. "ನೀವಾಗಲಿ ಮನೆಯವರಾಗಲಿ ಸೇನೆಯಲ್ಲಿ ಇದ್ದೀರಾ, ಇದ್ದಿರಾ?" ಎಂಬ ಒಂದು ಪ್ರಶ್ನೆ ದಾಖಲಾತಿಯ ಹಾಳೆಯಲ್ಲೇ ಇರಲಿ. ಆ ಉತ್ತರದಿಂದ ಕೆಮ್ಮು, ಕಿವಿನೋವು, ನಿದ್ರಾಹೀನತೆ, ಮಗುವಿನ ಹೊಟ್ಟೆನೋವು ಎಲ್ಲಕ್ಕೂ ಹೊಸ ಅರ್ಥ ಬರಬಹುದು. "ಯಾರನ್ನಾದರೂ ಕೊಂದಿದ್ದೀರಾ?" ಎಂದು ಎಂದಿಗೂ ಕೇಳಬೇಡಿ.

ವಾರ್ಡಿನಲ್ಲಿ ಸಣ್ಣ ಸಂಗತಿಗಳೇ ದೊಡ್ಡವು. ಬಾಗಿಲು ಕಾಣುವ ಹಾಗೆ ಕುರ್ಚಿ ಹಾಕಿ. ಹಿಂದಿನಿಂದ ಬಂದು ಹೆಗಲು ಮುಟ್ಟಬೇಡಿ. ರಕ್ತದೊತ್ತಡದ ಪಟ್ಟಿ ಕೈಯನ್ನು ಬಿಗಿಯುತ್ತದೆ ಎಂದು ಕಟ್ಟುವ ಮುಂಚೆಯೇ ಹೇಳಿ. ಟ್ರೇ ನೆಲಕ್ಕೆ ಬಿದ್ದು ಸದ್ದಾದರೆ ಕೂಡಲೇ "ಟ್ರೇ ಬಿತ್ತು, ಅಷ್ಟೇ" ಎನ್ನಿ. ರಾತ್ರಿ ಔಷಧಿಗೆ ಎಬ್ಬಿಸುವಾಗ ದೂರದಿಂದ ಹೆಸರು ಕರೆಯಿರಿ. ಇದನ್ನು ಕಡತದಲ್ಲಿ ಬರೆದಿಟ್ಟರೆ ಪಾಳಿ ಬದಲಾದಾಗ ಮುಂದಿನವರಿಗೂ ಗೊತ್ತಾಗುತ್ತದೆ.

ಮನೆಯವರನ್ನು ಅವರದ್ದೇ ಆರೋಗ್ಯಕ್ಕಾಗಿ ಕೇಳಿ. ಗಾಯಾಳುವಿನ ಜೊತೆ ಬಂದ ಹೆಂಡತಿಯ ಸಕ್ಕರೆ ಕಾಯಿಲೆಯ ಮಾತ್ರೆ ಮುಗಿದು ಎಷ್ಟು ದಿನವಾಯಿತೆಂದು ಯಾರೂ ಕೇಳಿರುವುದಿಲ್ಲ. ವರ್ಗಾವಣೆಯಾಗುವ ಕುಟುಂಬಕ್ಕೆ ಲಸಿಕೆ, ಬಸುರಿನ ದಾಖಲೆ, ಔಷಧಿಯ ಹೆಸರು ಮತ್ತು ಪ್ರಮಾಣ ಇವುಗಳ ಒಂದು ಪ್ರತಿಯನ್ನು ಕೈಗೇ ಕೊಡಿ.

ದೊಡ್ಡ ದುರ್ಘಟನೆ ಸುದ್ದಿ ಬಂದಾಗ ಸ್ವಯಂಸೇವಕರು ಮೊದಲು ಏನು ಮಾಡ್ಬೇಕು?

2011ರ ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಮೂರು ಕೆಲಸ ಹೇಳುತ್ತದೆ: ನೋಡಿ, ಆಲಿಸಿ, ಜೋಡಿಸಿ. ಯಾರು ಸುರಕ್ಷಿತ, ಯಾರಿಗೆ ತುರ್ತು ಎಂದು ನೋಡುವುದು, ಬಲವಂತ ಮಾಡದೆ ಕೇಳಿಸಿಕೊಳ್ಳುವುದು, ನೆಂಟರಿಗೆ ಮತ್ತು ಸೇವೆಗಳಿಗೆ ಮುಟ್ಟಿಸುವುದು. ನಡೆದದ್ದನ್ನೆಲ್ಲ ಹೇಳಿಸಿ ಅಳಿಸುವುದು ಅದರಲ್ಲಿಲ್ಲ. ಹೆಸರುಗಳು ಅಧಿಕೃತವಾಗಿ ತಿಳಿಯುವವರೆಗೆ ಯಾರ ಹೆಸರನ್ನೂ ಬಾಯಿಗೆ ತರಬೇಡಿ.

ಸಾವಿನ ಮನೆಗೆ ಹೋದಾಗ ಏನು ಮಾತಾಡ್ಬೇಕು?

"ದೇಶಕ್ಕಾಗಿ ಪ್ರಾಣ ಕೊಟ್ಟ" ಎಂಬ ಮಾತನ್ನು ಮನೆಯವರು ಮೊದಲು ಆಡಲಿ. ಕೆಲವರಿಗೆ ಅದೇ ಆಸರೆ, ಕೆಲವರಿಗೆ ಆ ಹೊತ್ತಿನಲ್ಲಿ ಅದು ಚುಚ್ಚುತ್ತದೆ. ಹೋದವರ ಹೆಸರು ಹೇಳಿ, ಅವರ ಬಗ್ಗೆ ನಿಮಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಹೇಳಿ, ಇಲ್ಲವೇ ಸುಮ್ಮನೆ ಕೂರಿ. ಕ್ಯಾಮೆರಾದವರನ್ನು ಗೇಟಿನಾಚೆ ನಿಲ್ಲಿಸುವುದಕ್ಕೆ ಒಬ್ಬರು, ಮಕ್ಕಳಿಗೆ ಊಟ ಮಾಡಿಸುವುದಕ್ಕೆ ಒಬ್ಬರು ಬೇಕು. ಒಂದು ವರ್ಷದ ಮೇಲೆ, ಸಮಾರಂಭಗಳೆಲ್ಲ ಮುಗಿದ ಮೇಲೆ, ಮತ್ತೆ ಹೋಗಿ ಅದೇ ಹೆಸರನ್ನು ಹೇಳಿ.

ನಾದಿನಿಯ ಗಂಡ ಕಾಣೆಯಾಗಿದ್ದಾರೆ. ಸತ್ತರಾ, ಸೆರೆ ಸಿಕ್ಕರಾ ಗೊತ್ತಿಲ್ಲ. ಆಕೆಗೆ "ಧೈರ್ಯ ತಗೋ" ಅನ್ಬೇಕಾ, "ಒಪ್ಪಿಕೋ" ಅನ್ಬೇಕಾ?

ಎರಡೂ ಬೇಡ. 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಪೈಲಟ್‌ಗಳ ಕುಟುಂಬಗಳ ಜೊತೆ ಕೆಲಸ ಮಾಡಿದ ಪಾಲಿನ್ ಬಾಸ್ ಇದನ್ನು ಅಸ್ಪಷ್ಟ ನಷ್ಟ ಎಂದು ಕರೆದರು. ಉತ್ತರವೇ ಇಲ್ಲದ ಕಡೆ ಉತ್ತರಕ್ಕೆ ಒತ್ತಾಯಿಸಿದರೆ ಮನೆಯೊಳಗೇ ಎರಡು ಪಕ್ಷಗಳಾಗುತ್ತವೆ. ತಾಯಿ ಕಾಯುತ್ತಾಳೆ, ಹೆಂಡತಿ ಮುಂದುವರಿಯಲು ನೋಡುತ್ತಾಳೆ, ಒಬ್ಬರಿಗೊಬ್ಬರು ದ್ರೋಹಿಗಳಾಗಿ ಕಾಣುತ್ತಾರೆ. "ಬರಬಹುದು, ಬಾರದೆಯೂ ಇರಬಹುದು" ಎಂಬ ಎರಡನ್ನೂ ಒಟ್ಟಿಗೆ ಹಿಡಿದು ಬದುಕಲು ಜಾಗ ಕೊಡಿ. ತಲೆಗೆ ಪೆಟ್ಟಾಗಿ ಬೇರೆಯೇ ಮನುಷ್ಯನಾಗಿ ಬಂದ ಗಂಡನನ್ನು ನೋಡಿಕೊಳ್ಳುವ ಹೆಂಡತಿಯದ್ದೂ ಇದೇ ನಷ್ಟ. ಆತ ಎದುರಿಗೇ ಇದ್ದಾನೆ, ಆದರೂ ಇಲ್ಲ.

ಸೆರೆ ಸಿಕ್ಕಿರಬಹುದಾದರೆ ಹಕ್ಕುಗಳು ಗೊತ್ತಿರಲಿ. 1949ರ ಮೂರನೇ ಜಿನೀವಾ ಒಪ್ಪಂದದ ಪ್ರಕಾರ ಯುದ್ಧ ಕೈದಿಗೆ ಶಿಬಿರ ತಲುಪಿದ ಒಂದು ವಾರದೊಳಗೆ ಮನೆಗೆ ಕಾರ್ಡು ಬರೆಯಲು ಬಿಡಬೇಕು. ಪತ್ರಗಳಿಗೆ ಮಿತಿ ಹಾಕಿದರೂ ತಿಂಗಳಿಗೆ ಎರಡು ಪತ್ರ, ನಾಲ್ಕು ಕಾರ್ಡಿಗಿಂತ ಕಡಿಮೆ ಮಾಡುವಂತಿಲ್ಲ. ಕಾಣೆಯಾದವರನ್ನು ಹುಡುಕಲು ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಪತ್ತೆ ವಿಭಾಗವಿದೆ, ಅರ್ಜಿಯನ್ನು ನಿಮ್ಮ ದೇಶದ ರೆಡ್‌ಕ್ರಾಸ್ ಅಥವಾ ರೆಡ್ ಕ್ರೆಸೆಂಟ್ ಮೂಲಕ ಕೊಡಬಹುದು.

"ನಾನಿಲ್ದಿದ್ರೆ ನಿಮಗೆಲ್ಲ ನೆಮ್ಮದಿ" ಅಂದ್ರು. ಸಾಯೋ ಯೋಚನೆ ಇದೆಯಾ ಅಂತ ಕೇಳಿದ್ರೆ ನಾವೇ ತಲೆಗೆ ಹಾಕಿದ ಹಾಗಾಗಲ್ವಾ?

ಆಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬಹಳ ಸಲ, ಯಾರಾದರೂ ಕೇಳಿದರಲ್ಲ ಎಂಬ ಬಿಡುಗಡೆ ಸಿಗುತ್ತದೆ. ಸುತ್ತಿ ಬಳಸದೆ ಕೇಳಿ: "ಸಾಯಬೇಕು ಅನ್ನಿಸುತ್ತಿದೆಯಾ? ಹೇಗೆ ಅಂತ ಯೋಚಿಸಿದ್ದೀಯಾ?" ಹೌದು ಎಂದರೆ ಒಂಟಿಯಾಗಿ ಬಿಡಬೇಡಿ, ಅಂದೇ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಸೈನಿಕರ ಮನೆಯಲ್ಲಿ ಇನ್ನೊಂದು ಮುಖ್ಯ: ಬಂದೂಕು. ಆ ತೀವ್ರ ಗಳಿಗೆ ಹಲವರಲ್ಲಿ ಅಲ್ಪಕಾಲದ್ದು, ಆಗ ಆಯುಧ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಬಂದೂಕನ್ನು ಕಾನೂನಿನಂತೆ ಬೇರೆ ಕಡೆ ಒಪ್ಪಿಸಿ. ಅದಾಗದಿದ್ದರೆ ಗುಂಡು ಬೇರೆ, ಬಂದೂಕು ಬೇರೆ ಬೀಗದಲ್ಲಿ, ಬೀಗದ ಕೈ ಇನ್ನೊಬ್ಬರ ಬಳಿ. ಮಾತ್ರೆಗಳಿಗೂ ಇದೇ. "ನಿನ್ನ ಮೇಲೆ ಅನುಮಾನ" ಎಂದಲ್ಲ, "ನೀನು ಸುಧಾರಿಸುವವರೆಗೆ ನಾನು ಕಾವಲಿರುತ್ತೇನೆ" ಎಂದು ಹೇಳಿ. ಕಾವಲಿನ ಮಾತು ಅವರಿಗೆ ಅರ್ಥವಾಗುತ್ತದೆ.

ಮನೇಲಿ ಹೆಂಡತಿ, ಆಸ್ಪತ್ರೇಲಿ ನರ್ಸ್, ಸಂಜೆ ಸ್ವಯಂಸೇವಕಿ. ಎಲ್ಲಾ ಕಡೆ ಒಂದೇ ಕೆಲಸ ಅನ್ನಿಸ್ತಿದೆ. ಹೇಗೆ ನಿಭಾಯಿಸ್ಲಿ?

ಮೂರಕ್ಕೂ ಗೆರೆ ಹಾಕಬೇಕು, ಆ ಗೆರೆ ಕಾಗದದ ಮೇಲೆ ಇರಬೇಕು. ಗಂಡನ ಔಷಧಿಯ ಪ್ರಮಾಣ ತೀರ್ಮಾನಿಸುವುದು ಅವರ ವೈದ್ಯರು, ನೀವಲ್ಲ. ನೀವೇ ನರ್ಸ್ ಆದರೆ ಅವರು ಮನೆಯಲ್ಲೂ ರೋಗಿಯಾಗಿಬಿಡುತ್ತಾರೆ, ಹೆಂಡತಿಯ ಜೊತೆ ಮುನಿಸಿಕೊಳ್ಳುವ ಸ್ವಾತಂತ್ರ್ಯವೂ ಅವರಿಗೆ ಉಳಿಯುವುದಿಲ್ಲ. ಆಸ್ಪತ್ರೆಗೆ ಅವರ ತುಕಡಿಯವರೇ ಬಂದರೆ ಸಹೋದ್ಯೋಗಿಗೆ ಒಪ್ಪಿಸಿ. ವಾರ್ಡಿನಲ್ಲಿ ಕೇಳಿದ್ದು ಕುಟುಂಬದ ಸಭೆಗೆ ಹೋಗಬಾರದು, ಸಭೆಯಲ್ಲಿ ಕೇಳಿದ್ದು ಕಡತಕ್ಕೆ ಹೋಗಬಾರದು. ಯಾರ ಜೀವಕ್ಕಾದರೂ ಅಪಾಯ ಇದ್ದರೆ ಮಾತ್ರ ಅದು ಬೇರೆ, ಅದನ್ನು ಎಲ್ಲರಿಗೂ ಮೊದಲೇ ತಿಳಿಸಿರಿ.

ಇತರರ ಸಂಕಟ ಕೇಳಿ ಕೇಳಿ ತನಗೇ ಕೆಟ್ಟ ಕನಸು ಬೀಳುವುದು, ಅಳುವವರನ್ನು ಕಂಡರೆ ಸಿಡುಕು ಬರುವುದು ದೌರ್ಬಲ್ಯವಲ್ಲ. ನರ್ಸ್‌ಗಳ ಈ ದಣಿವಿನ ಬಗ್ಗೆ 1992ರಿಂದಲೇ ಬರಹಗಳಿವೆ. ರೋಗಿಯನ್ನು ನೋಡಿಕೊಳ್ಳುವ ಮನೆಯವರ ಭಾರ ಅಳೆಯಲು 1980ರಲ್ಲಿ ಬಂದ ಝಾರಿಟ್ ಪ್ರಶ್ನಾವಳಿಯೂ ಇದೆ. ಅದನ್ನು ನೀವು ಬೇರೆಯವರಿಗೆ ಕೊಟ್ಟಿರುತ್ತೀರಿ, ಒಮ್ಮೆ ನೀವೇ ತುಂಬಿ. ಅಂಕ ಹೆಚ್ಚು ಬಂದರೆ ಮೊದಲು ಸ್ವಯಂಸೇವೆಯನ್ನು ಕೆಲವು ತಿಂಗಳು ಬಿಡಿ. ಮೂರರಲ್ಲಿ ಸದ್ಯಕ್ಕೆ ಬೇರೆಯವರ ಕೈಗೆ ಕೊಡಬಹುದಾದದ್ದು ಅದೊಂದೇ. ಬಿಡುವಾಗ ಫೋನ್ ಪಟ್ಟಿಯನ್ನೂ ಯಾವ ಮನೆಗೆ ಯಾವ ದಿನ ಹೋಗಬೇಕೆಂಬುದನ್ನೂ ಮುಂದಿನವರಿಗೆ ಬರೆದು ಕೊಡಿ. ಇಲ್ಲದಿದ್ದರೆ ಆ ಮನೆಯವರು ಮಂಗಳವಾರ ಸಂಜೆ ನಿಮಗಾಗಿ ಕಾಯುತ್ತಾ ಕೂರುತ್ತಾರೆ.